ಹುಬ್ಬಳ್ಳಿ ಚಕ್ರ, ಕಂಪನಿ ಚಕ್ರ

ಎರಡು ವಸ್ತುಗಳನ್ನು ಮುಂದಿಟ್ಟು ಒಂದನ್ನು ಆರಿಸು ಎಂದರೆ ನನಗೆ ಮೈ ಬೆಚ್ಚಗಾಗುತ್ತದೆ. ಒಂದೇ ವಸ್ತು ಇದ್ದಾಗ ನನ್ನಷ್ಟು ಗಟ್ಟಿ ಮನಸ್ಸಿನವನು ಇನ್ನೊಬ್ಬನಿಲ್ಲ. ಬೇಕಾದರೆ ಬೇಕು ಎನ್ನುತ್ತೇನೆ, ಬೇಡವಾದರೆ ಬೇಡ ಎನ್ನುತ್ತೇನೆ. ಎರಡಾದರೆ ಮುಗಿಯಿತು. ಅದರಲ್ಲೂ ಒಂದು ತುಟ್ಟಿ, ಇನ್ನೊಂದು ಸೋವಿ ಎಂದಾದರೆ ಶಿವನೇ ಗತಿ. ತುಟ್ಟಿಯದನ್ನು ಕೊಂಡರೆ ಮೋಸಹೋದೆನೇನೋ ಎಂಬ ಸಂಶಯ, ಸೋವಿಯದನ್ನು ಕೊಂಡರೆ ಮೋಸಹೋದದ್ದು ಖಾತ್ರಿ ಎಂಬ ಸಂಕಟ. ಧಾರವಾಡದಲ್ಲಿ ಓದುವಾಗ ನಾನು ಛತ್ರಿ ಕೊಳ್ಳಲು ಹೋಗಿ, ಮುಂಬಯಿಯದೋ ಊರಿನದೋ ಎಂದು ಅಂಗಡಿಯ ಕಟ್ಟೆಯ ಮೇಲೆ ಯೋಚಿಸುತ್ತ ನಿಂತಷ್ಟರಲ್ಲಿ ಮಳೆಗಾಲವೇ ಮುಗಿಯಿತೆಂದು ಗೆಳೆಯರು ಆಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಅವತ್ತಿನ ಮಳೆ ಮಾತ್ರ ಮುಗಿದಿತ್ತು. ಇಂಥ ನನ್ನನ್ನು ಹಿಡಿದು ಒಂದು ದೋಣಿಯ ಎಂಜಿನ್ನಿಗೆ ಬಿಡಿಭಾಗ ಆರಿಸುವ ಕೆಲಸಕ್ಕೆ ಹಚ್ಚಿದರು ಎಂದರೆ, ಹಚ್ಚಿದವರ ಬುದ್ಧಿ ಎಂಥದಿರಬೇಕು ನೀವೇ ಹೇಳಿ.

ನಾನಾಗ ದಾಂಡೇಲಿಯ ಒಂದು ಕಾರ್ಖಾನೆಯಲ್ಲಿ ಉಗ್ರಾಣದ ಗುಮಾಸ್ತ. ನಟ್ಟು, ಬೋಲ್ಟು, ಬೇರಿಂಗು, ಪಟ್ಟಿ ಇವುಗಳ ಹೆಸರು ಬರೆದು ಒಳಗಿಡುವುದು, ಹೆಸರು ಬರೆದು ಹೊರಗೆ ಕೊಡುವುದು, ಇಷ್ಟೇ ನನ್ನ ಕಸುಬು. ಅವುಗಳನ್ನು ಯಾವ ಯಂತ್ರದ ಯಾವ ತೂತಿಗೆ ಹಾಕುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಚಟವೂ ಇರಲಿಲ್ಲ. ಕಾರ್ಖಾನೆಯ ಕ್ವಾರ್ಟರ್ಸು ಹಿರಿತನದ ಮೇಲೆ ಸಿಗುತ್ತಿದ್ದವು. ನನ್ನ ಸರದಿ ಬರುವ ಹೊತ್ತಿಗೆ ನಾನು ರಿಟಾಯರಾಗಿ ಅದನ್ನು ಬಿಟ್ಟುಕೊಡುವ ಹೊತ್ತೂ ಬರುತ್ತಿತ್ತು. ಹೀಗಾಗಿ ನನ್ನಂಥ ಹಲವು ಬಡಪಾಯಿಗಳು ಕಾಳಿ ಹೊಳೆಯ ಆಚೆ ದಂಡೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಹೊಳೆ ದಾಟಲು ನಾವೆಲ್ಲ ವರ್ಗಣಿ ಹಾಕಿ, ಕಾರವಾರದ ಕಡೆಯ ಯಾರೋ ಬಿಟ್ಟಿದ್ದ ಒಂದು ಹಳೆಯ ಮೋಟಾರು ದೋಣಿಯನ್ನು ತಂದಿದ್ದೆವು. ಅದಕ್ಕೊಂದು ಕಮಿಟಿ, ಕಮಿಟಿಗೆ ನಮ್ಮ ದಂಡೆಯ ಕಿರಾಣಿ ಅಂಗಡಿಯ ಮಲ್ಲಪ್ಪ ಶೆಟ್ಟರು ಅಧ್ಯಕ್ಷರು, ದೋಣಿಗೆ ರಾಮನಗರದ ತುಕಾರಾಮ ಡ್ರೈವರು. ಬಸ್ಸಿಲ್ಲದ, ಲಾರಿಗಳು ಬಿದಿರು ಹೊತ್ತು ಓಲಾಡುವ ಅಡವಿಯ ಸುತ್ತು ಹಾದಿಯೊಂದು ಇತ್ತೇನೋ ನಿಜ. ಆದರೆ ಆ ಹಾದಿಯಲ್ಲಿ ಚಕ್ಕಡಿ ಕಟ್ಟಿಕೊಂಡು ಹೋದವರ ಎಲುಬು ಒಂದೊಂದೂ ಬೇರೆ ಬೇರೆ ಊರು ಸೇರುತ್ತಿತ್ತು.

ಎಂಜಿನು ವಿಲಾಯತಿಯದು. ಹೊಳೆಯ ನೀರನ್ನೇ ಎಳೆದುಕೊಂಡು ತನ್ನ ಮೈ ತಂಪು ಮಾಡಿಕೊಂಡು, ಆ ನೀರನ್ನು ದೋಣಿಯ ಮಗ್ಗುಲಿನ ಒಂದು ಕೊಳವೆಯಿಂದ ಪಿಚಕ್ ಪಿಚಕ್ ಎಂದು ಹೊರಗೆ ಉಗುಳುತ್ತಿತ್ತು. ನೀರೆಳೆಯುವ ಪಂಪಿನ ಹೊಟ್ಟೆಯಲ್ಲಿ ಅಂಗೈ ಅಗಲದ ಒಂದು ರಬ್ಬರಿನ ಚಕ್ರ, ಅದರ ಸುತ್ತ ರೆಕ್ಕೆಗಳು. ರೆಕ್ಕೆ ಮುರಿದರೆ ನೀರು ಬರದು, ನೀರು ಬರದಿದ್ದರೆ ಎಂಜಿನು ಕಾದು ಕೆಮ್ಮಿ ನಿಂತುಬಿಡುವುದು. ದಂಡೆಯಲ್ಲಿದ್ದಾಗ ಅದು ಎಂದೂ ನಿಂತದ್ದಿಲ್ಲ. ನಿಲ್ಲುವುದಕ್ಕೆ ನಡುಹೊಳೆಯೇ ಆಗಬೇಕು. ಇದೆಲ್ಲ ನನಗೆ ಹೇಗೆ ತಿಳಿಯಿತೆಂದರೆ, ಒಂದು ಬೇಸಿಗೆಯ ಸಂತೆಯ ದಿನ ಆ ಚಕ್ರದ ರೆಕ್ಕೆಗಳು ಮುರಿದದ್ದು ನನ್ನ ಹೆಂಡತಿ ಶಾಂತಾ ದೋಣಿಯಲ್ಲಿ ಕೂತಿದ್ದಾಗ. ಅವಳು ಆಗ ಏಳು ತಿಂಗಳ ಬಸುರಿ. ಕಾಲ ಬಳಿ ಬದನೆಕಾಯಿಯ ಚೀಲ. ದೋಣಿ ಮೆಲ್ಲಗೆ ಕೆಳಗಡೆ ತೇಲಿಹೋಗಿ, ನೀರಿನಲ್ಲಿ ಬಿದ್ದಿದ್ದ ಒಂದು ಮರಕ್ಕೆ ಸಿಕ್ಕಿಕೊಂಡು, ಬಿದಿರು ಕಡಿಯುವವರು ಹಗ್ಗ ಒಗೆದು ಎಳೆಯುವ ತನಕ ಮಧ್ಯಾಹ್ನವೆಲ್ಲ ಅಲ್ಲೇ ಓಲಾಡುತ್ತಿತ್ತು. ನನಗೆ ಈಜು ಬಾರದು. ದಂಡೆಯ ಮೇಲೆ ನಿಂತು "ಹೆದರಬ್ಯಾಡಾ!" ಎಂದು ಒದರಿದೆ, ಎರಡೂ ಕೈ ಬೀಸಿದೆ, ಒಬ್ಬ ಗಂಡ ಇದಕ್ಕಿಂತ ಹೆಚ್ಚೇನು ಮಾಡಬಲ್ಲ? ಆದರೆ ಮನೆಗೆ ಬಂದ ಮೇಲೆ ಅವಳು ಅಂದದ್ದು ಇಷ್ಟು: "ಅಲ್ಲಿ ನಿಂತು ಕೈ ಬೀಸಾಕ ಹತ್ತಿದ್ರೆಲ್ಲಾ, ಊರಿಗೆ ಹೋಗಾವ್ರನ್ನ ಕಳಸಾಕ ಬಂದಾವ್ರಂಗ ಕಾಣತಿದ್ರಿ ನೋಡ್ರಿ."

ಮರುದಿನವೇ ಅವಳು ಹಳಿಯಾಳದ ತವರಿಗೆ ಬಾಣಂತನಕ್ಕೆ ಹೊರಟಳು. ಅದೂ ಸುತ್ತು ಹಾದಿಯಲ್ಲಿ, ಚಕ್ಕಡಿಯಲ್ಲಿ, ದಾರಿಯುದ್ದಕ್ಕೂ ನನಗೆ ಬೈಯುತ್ತ. ಮಳೆಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನಾನು ಹಳಿಯಾಳಕ್ಕೆ ಹೋದೆ. ಕೂಸನ್ನು ನೋಡಿ ಹಿಗ್ಗಿ, "ಯಾವಾಗ ಬರ್ತಿ?" ಎಂದು ಕೇಳಿದೆ. ಶಾಂತಾ ಮಗುವಿನ ಕುಲಾವಿ ಸರಿಮಾಡುತ್ತ ಬಹಳ ಶಾಂತವಾಗಿಯೇ ಹೇಳಿದಳು:

"ಆ ಚಕ್ಕಡಿ ಹಾದ್ಯಾಗ ಕೂಸಿನ ಕರಕೊಂಡು ನಾ ಬರೂದಿಲ್ಲ. ದೋಣ್ಯಾಗ ಬರ್ತೇನಿ, ಆದ್ರ ಕಂಪನಿ ಚಕ್ರಾ ಬರಬೇಕು. ಅಸಲ ಕಂಪನೀದು. ಇಲ್ಲಾ ಈ ದಂಡ್ಯಾಗ ಮನಿ ಮಾಡ್ರಿ. ಎರಡೂ ಆಗಂಗಿಲ್ಲಾಂದ್ರ ನಾ ಇಲ್ಲೇ ಇರ್ತೇನಿ, ನೀವು ಹಬ್ಬಕ್ಕ ಹುಣ್ಣಿವಿಗೆ ಬಂದು ಕೂಸಿನ ನೋಡಿ ಹೋಗ್ರಿ."

ನಗುನಗುತ್ತ ಹೇಳಿದ್ದರೆ ನನಗೆ ಧೈರ್ಯವಿರುತ್ತಿತ್ತು. ನಗಲಿಲ್ಲ. ಕೂಸು ನನ್ನ ಬೆರಳನ್ನು ಹಿಡಿದುಕೊಂಡಿತ್ತು, ಬಿಡಿಸಿಕೊಂಡು ಬಸ್ಸು ಹತ್ತುವುದು ಎಷ್ಟು ಕಷ್ಟವಾಯಿತೆಂಬುದನ್ನು ಹಾಸ್ಯ ಮಾಡಲು ನನಗೆ ಈಗಲೂ ಬರುವುದಿಲ್ಲ.

ಇಲ್ಲಿ ನನ್ನ ಮಾವನವರ ವಿಷಯ ಹೇಳಬೇಕು. ಈರಪ್ಪನವರದು ಹಳಿಯಾಳದ ಪೇಟೆಯಲ್ಲಿ, ಮನೆಯ ಮುಂಭಾಗದಲ್ಲೇ, ಕಬ್ಬಿಣದ ಸಾಮಾನಿನ ಅಂಗಡಿ. ಕಂಪನಿಗಳು ಮಾಡುವ ಯಾವ ಸಾಮಾನೂ ಅವರಲ್ಲಿ ಸಿಗುತ್ತಿರಲಿಲ್ಲ, ಆದರೆ ಕಂಪನಿಗಳು ಮಾಡುವ ಎಲ್ಲ ಸಾಮಾನಿನಂಥದೇ ಇನ್ನೊಂದು ಸಾಮಾನು ಸಿಗುತ್ತಿತ್ತು. ಹಿಡಿದು ನೋಡಿದರೆ ಅದೇ, ತೂಗಿ ನೋಡಿದರೆ ಅದೇ, ಬಳಸಿ ನೋಡಬಾರದು. ಹುಬ್ಬಳ್ಳಿಯಲ್ಲಿ ಹಳೆಯ ಟೈರಿಗೆ ಮರುಜನ್ಮ ಕೊಡುವ ಯಾರೋ ಒಬ್ಬರಿಂದ ಅವರು ನಮ್ಮ ದೋಣಿಯ ಚಕ್ರದಂಥ ಚಕ್ರಗಳನ್ನೂ ಮಾಡಿಸಿ ತಂದುಬಿಟ್ಟಿದ್ದರು. ಮುರಿದ ಚಕ್ರವನ್ನು ಮಾದರಿಗೆಂದು ಒಯ್ದುಕೊಟ್ಟವನು ತುಕಾರಾಮ. "ಅಳಿಯಂದಿರ, ಕಂಪನೀದರ ರೊಕ್ಕದ ಹತ್ತರಾಗ ಒಂದು ಪಾಲಿಗೆ ಬರತೈತಿ. ಅಸಲಿನ ಅವ್ವ ಬಂದ್ರೂ ಗುರ್ತು ಹಿಡ್ಯಾಂಗಿಲ್ಲ. ಒಯ್ರಿ, ನಿಮ್ಮ ದೋಣಿ ಅಂದ್ರ ನಮ್ಮ ದೋಣಿ ಅಲ್ಲೇನು?" ಎಂದು ಅವರು ತೊಟ್ಟಿಲಿನ ದಿನವೇ ಚಕ್ರವೊಂದನ್ನು ನನ್ನ ಕೈಗಿಟ್ಟರು. ಕೈಯೆಲ್ಲ ಲಾರಿಯ ವಾಸನೆ ಬಂತು. ಶಾಂತಾ ಒಳಗಿನಿಂದಲೇ ಒದರಿದಳು: "ಅಪ್ಪನ ಅಂಗಡಿ ಸಾಮಾನ ನನಗ ಗೊತ್ತೈತ್ರಿ! ಅಪ್ಪನ ಕೀಲಿ ಯಾರ ಮನಿ ಕೀಲಿಕೈ ಹಾಕಿದ್ರೂ ತೆಗೀತೈತಿ. ಅದಕ್ಕ ನಮ್ಮ ಅಂಗಡಿ ಬಾಗಲಕ್ಕ ಕಂಪನಿ ಕೀಲಿ ಹಾಕ್ಯಾನ, ಕೇಳ್ರಿ ಬೇಕಾರ!" ಮಾವನವರು ಕೇಳಿಸದವರಂತೆ ಮೊಳೆಗಳನ್ನು ತೂಗತೊಡಗಿದರು.

ಹೀಗೆ ಹೆಂಡತಿಗೆ ಕಂಪನಿ ಚಕ್ರ ಬೇಕು, ಮಾವನಿಗೆ ಹುಬ್ಬಳ್ಳಿ ಚಕ್ರ ಹೋಗಬೇಕು, ನಡುವೆ ನಾನು. ಆರಿಸುವ ಭಾರವನ್ನು ಕಮಿಟಿಯ ಮೇಲೆ ಹಾಕಿ ಪಾರಾಗೋಣವೆಂದು ಶೆಟ್ಟರ ಅಂಗಡಿಯಲ್ಲಿ ಸೇರಿದ ಸಭೆಯಲ್ಲಿ ವಿಷಯ ತೆಗೆದೆ. ಹುಬ್ಬಳ್ಳಿ ಚಕ್ರವನ್ನು ತೋರಿಸಿದಾಗ ಒಬ್ಬರು, "ಗುಮಾಸ್ತರು ಮಾವನ ಅಂಗಡಿ ಮಾಲು ನಮ್ಮ ತಲಿಗೆ ಕಟ್ಟಾಕ ಹೊಂಟಾರ," ಎಂದರು. ಹಾಗಾದರೆ ಕಂಪನಿಯದೇ ತರಿಸೋಣ ಎಂದೆ. "ಯಾಕ್ರಿ, ಮಾವ ಏನರೆ ಕೊಡೂದು ಬಾಕಿ ಇಟ್ಟಾನೇನು? ಅವನ ಮಾಲಿನ ಮ್ಯಾಲ ಇಷ್ಟ್ಯಾಕ ಸಿಟ್ಟು?" ಎಂದು ಇನ್ನೊಬ್ಬರು. ನಾನು ಉಗ್ರಾಣದವನಾದ್ದರಿಂದ ಯಂತ್ರದ ಮರ್ಮವೆಲ್ಲ ಬಲ್ಲವನೆಂದು ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ನಾನು ಎರಡೂ ಕಡೆಯ ಗುಣದೋಷಗಳನ್ನು ಎಷ್ಟು ಚೆನ್ನಾಗಿ ವಿವರಿಸಿದೆನೆಂದರೆ ಸಭೆಗೆ ತಲೆ ಚಿಟ್ಟುಹಿಡಿದು, ಎರಡನ್ನೂ ತರಿಸುವುದೆಂದು ಠರಾವಾಯಿತು. ಕಂಪನಿಯದಕ್ಕೆ ಮುಂಬಯಿಯ ಏಜೆಂಟರಿಗೆ ಬರೆಯುವುದು. ಅದು ಪರದೇಶದಿಂದ ಹಡಗು ಹತ್ತಿ, ಸರಕಾರದ ಪರವಾನಗಿ ಪಡೆದು ಬರುವ ತನಕ ಹುಬ್ಬಳ್ಳಿಯದರ ಮೇಲೆ ದೋಣಿ ನಡೆಸುವುದು. ಇಷ್ಟು ಜಾಣ ನಿರ್ಣಯ ನಮ್ಮ ಕಮಿಟಿ ಅದುವರೆಗೂ ಮಾಡಿರಲಿಲ್ಲ, ಆಮೇಲಂತೂ ಮಾಡಲೇ ಇಲ್ಲ.

ಮಳೆ ನಿಂತು ಹೊಳೆ ಇಳಿದು ದೋಣಿ ಮತ್ತೆ ಓಡಾಡತೊಡಗಿತು. ಹುಬ್ಬಳ್ಳಿ ಚಕ್ರ ತಿರುಗಿತು. ತಿರುಗುವಾಗ ಕಿರ್ರ್ ಎನ್ನುತ್ತಿತ್ತು, ಕೊಳವೆಯಿಂದ ಬೀಳುವ ನೀರಿನಲ್ಲಿ ಕರೀ ಪುಡಿಯೂ ಬೀಳುತ್ತಿತ್ತು, ಆದರೆ ತಿರುಗಿತು. ಅಷ್ಟರಲ್ಲಿ ಮಹಾನವಮಿಯ ಮುಂದೆ ಕಂಪನಿ ಚಕ್ರ ಬಂತು. ಬಂತೆಂದರೇನು, ಬಿಜಯಂಗೈದಿತು! ನೀಲಿ ಬಣ್ಣದ ರಟ್ಟಿನ ಪೆಟ್ಟಿಗೆ, ಅದರೊಳಗೆ ಮೇಣದ ಕಾಗದ, ಅದರೊಳಗೆ ಬಿಳಿ ಪುಡಿ ಪೂಸಿಕೊಂಡು ಮಲಗಿದ ಚಕ್ರ. ನಮ್ಮ ದಂಡೆಯ ಗಂಡಸರು, ಹೆಂಗಸರು, ಮುದುಕರು ಎಲ್ಲ ನೋಡಲು ಬಂದರು. ಶೆಟ್ಟರು ಕೈ ತೊಳೆದುಕೊಂಡು ಬಂದು ಅದನ್ನು ಎತ್ತಿ ಮೂಸಿ, "ವಾಸನಿ ನೋಡ್ರಿ, ವಾಸನಿ! ಮಠದಾಗ ಬಂದಂಗ ಆಗತೈತಿ," ಎಂದು ಕಣ್ಣು ಮುಚ್ಚಿದರು. ಖಂಡೇಪೂಜೆಯ ದಿನ ಎಲ್ಲರೂ ಕುಡಗೋಲು, ಕೊಡಲಿ, ತಕ್ಕಡಿಗಳನ್ನು ಪೂಜೆಗಿಟ್ಟರೆ, ನಮ್ಮ ಕಮಿಟಿ ನಡುವೆ ಮಣೆಯ ಮೇಲೆ ಕಂಪನಿ ಚಕ್ರವನ್ನಿಟ್ಟಿತು. ವಿಭೂತಿ ಹಚ್ಚಿ, ಚೆಂಡುಹೂವು ಏರಿಸಿ, ಕಾಯಿ ಒಡೆದದ್ದೂ ಆಯಿತು.

ಪೂಜೆಯಾದ ಮೇಲೆ ಅದನ್ನು ಎಂಜಿನ್ನಿಗೆ ಹಾಕಬೇಕಲ್ಲ? ಅಲ್ಲಿಗೆ ಬಂದಾಗ ಯಾರಿಗೂ ಮನಸ್ಸೇ ಆಗಲಿಲ್ಲ. "ಇಂಥಾದ್ದನ್ನ ಒಯ್ದು ಆ ರಾಡಿ ನೀರಾಗ ಹಾಕೂದಾ?" ಎಂದರು ಶೆಟ್ಟರು. ಸಭೆ ಲೊಚಗುಟ್ಟಿತು. ನಾವು ಮಂದಿ ಹಾಗೆಯೇ ಅಲ್ಲವೆ? ನನ್ನ ಅವ್ವನ ಇಳಕಲ್ಲ ಸೀರೆ ಒಳ್ಳೆಯ ದಿನಕ್ಕೆಂದು ಟ್ರಂಕಿನಲ್ಲಿ ಉಳಿದು, ಅಂಥ ಒಳ್ಳೆಯ ದಿನ ಬಾರದೆ, ಮಡಿಕೆಯಲ್ಲೇ ಸೀಳಿತು. ನಮ್ಮ ಅಜ್ಜ ದಪ್ಪ ಸೊಲ್ಲಾಪುರ ಚಾದರನ್ನು ಭಾರಿ ಚಳಿ ಬೀಳಲಿ ಎಂದು ಕಾಯುತ್ತ, ಹರಕು ಕಂಬಳಿಯಲ್ಲಿ ಜೀವಮಾನವಿಡೀ ನಡುಗಿದ. ನಮ್ಮ ಮದುವೆಯಲ್ಲಿ ಬಂದ ಚೀನಿ ಕಪ್ಪುಗಳನ್ನು ದೊಡ್ಡ ಮನುಷ್ಯರು ಬಂದರೆ ತೆಗೆಯೋಣವೆಂದು ನಾನೂ ಶಾಂತಾಳೂ ಕಟ್ಟಿಟ್ಟಿದ್ದೇವೆ. ನಮ್ಮ ಮನೆಗೆ ಬರುವವರೆಲ್ಲ ನಮ್ಮಂಥವರೇ ಆದ್ದರಿಂದ ಅವು ಇನ್ನೂ ಹೊಚ್ಚಹೊಸವು. ಕಂಪನಿ ಚಕ್ರವೂ ಹಾಗೆಯೇ ಆಪತ್ತಿಗೆಂದು ಶೆಟ್ಟರ ಅಂಗಡಿಯಲ್ಲಿ, ಬಸವಣ್ಣನ ಪಟದ ಕೆಳಗಿನ ಗೂಡು ಸೇರಿತು.

ನಾನು ಬಿಡಲಿಲ್ಲ. ನನ್ನ ಸಂಸಾರವೇ ಅದರೊಳಗೆ ಸಿಕ್ಕಿಕೊಂಡಿತ್ತಲ್ಲ! "ಶೆಟ್ಟರ, ಹಾಕಸೂಣ್ರಿ ಅದನ್ನ," ಎಂದು ಬೇಡಿಕೊಂಡೆ.

"ನಿಮ್ಮ ಮಾವನ ಚಕ್ರಾನ ಛಲೋ ನಡದೈತೆಲ್ರಿ ಗುಮಾಸ್ತರ. ಅದು ಮುರೀಲಿ, ಹಾಕೂಣು."

"ಅದು ಮುರಿದಾಗ ನಾವು ನಡೂ ಹೊಳ್ಯಾಗ ಇರ್ತೇವಲ್ರಿ! ಇದು ನಿಮ್ಮ ಗೂಡಿನ್ಯಾಗ ಇರತೈತಿ!"

ಶೆಟ್ಟರು ಸ್ವಲ್ಪ ಯೋಚಿಸಿದರು. "ಯಾರರೆ ಒಬ್ಬರು ಈಸಿ ಬಂದು ಒಯ್ದ್ರಾತು," ಎಂದರು.

ದೀಪಾವಳಿ ದಾಟಿತು. ಕೂಸು ಮಗುಚಿಕೊಳ್ಳಲು ಕಲಿತಿದೆಯಂತೆ ಎಂಬ ಸುದ್ದಿ ಬಂತು. ನನಗೆ ತಡೆಯಲಾಗಲಿಲ್ಲ. ಹಳಿಯಾಳಕ್ಕೆ ಹೋಗಿ, "ಕಂಪನಿ ಚಕ್ರಾ ಬಂತು ನೋಡು," ಎಂದುಬಿಟ್ಟೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಬಂದದ್ದು ನಿಜ, ಎಲ್ಲಿಗೆ ಬಂತೆಂದು ಅವಳು ಕೇಳಲಿಲ್ಲ. ಮಾವನವರನ್ನು ಮಾತ್ರ ಮರೆಗೆ ಕರೆದು ಇದ್ದದ್ದನ್ನು ಹೇಳಿ, ಬಾಯಿ ಬಿಡಬೇಡಿರೆಂದು ಕೈ ಮುಗಿದೆ. "ಛೇ ಛೇ, ನಾ ಯಾಕ ಹೇಳ್ಲಿ," ಎಂದರು. ಆದರೆ ಅವರ ಮಾಲಿನ ಮೇಲೆ ಅವರ ಮಗಳೂ ಮೊಮ್ಮಗಳೂ ಹೊಳೆ ದಾಟುತ್ತಾರೆಂಬ ಹಿಗ್ಗಿಗೆ ಅವರ ಮೀಸೆ ಆಗಲೇ ಕುಣಿಯುತ್ತಿತ್ತು. ಅತ್ತೆಯವರಿಗೆ ಕಾಲುನೋವು, ಆದ್ದರಿಂದ ತೊಟ್ಟಿಲು, ಟ್ರಂಕು, ಶಾಂತಾ, ಕೂಸು ಇಷ್ಟನ್ನೂ ಮುಟ್ಟಿಸಲು ಮಾವನವರೇ ಹೊರಟರು.

ದೋಣಿ ಹತ್ತಿದ್ದೇ ಶಾಂತಾ ಕೂಸನ್ನು ಎದೆಗವಚಿಕೊಂಡು, ಮಗ್ಗುಲಿನ ಕೊಳವೆಯ ಮೇಲೆ ಕಣ್ಣಿಟ್ಟು ಕೂತಳು. ನಾನೂ ಅದನ್ನೇ ನೋಡುತ್ತ ಕೂತೆ. ಪಿಚಕ್ ಎಂದಾಗ ನನ್ನ ಜೀವ ಬರುತ್ತಿತ್ತು, ಮುಂದಿನ ಪಿಚಕ್ ತನಕ ಹೋಗುತ್ತಿತ್ತು. ಹೊಳೆಯ ನಡುಮಧ್ಯಕ್ಕೆ ಬಂದರೂ ನೀರು ತಪ್ಪಲಿಲ್ಲ. ಶಾಂತಾಳ ಹೆಗಲು ಸಡಿಲಾಯಿತು, ಮುಖದಲ್ಲಿ ನಗು ಬಂತು. "ನೋಡಪಾ, ಕಂಪನಿ ಮಾಲು ಅಂದ್ರ ಹಿಂಗಿರತೈತಿ. ನೀ ಮಾರ್ತಿಯೆಲ್ಲಾ, ಅದು ಹಾಕಿದ್ರ ಇಷ್ಟೊತ್ತಿಗೆ ಮುಣುಗಿ ಹೋಗತಿದ್ವಿ," ಎಂದಳು. ಮಾವನವರ ಮುಖ ಕೆಂಪಾಯಿತು. ನಾನು ಕಣ್ಣಿನಲ್ಲೇ ಕಾಲಿಗೆ ಬಿದ್ದೆ. ಅವರು ನನ್ನನ್ನು ನೋಡಿದರು, ಕೊಳವೆಯನ್ನು ನೋಡಿದರು, ಮೀಸೆ ಕಚ್ಚಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವಳು, "ಆ ಹುಬ್ಬಳ್ಳಿಯಾವ ಹಳೇ ಚಪ್ಪಲಿ ಕರಗಿಸಿ ಮಾಡ್ತಾನಂತ," ಎಂದುಬಿಟ್ಟಳು.

"ಚಪ್ಪಲಿ ಅಲ್ಲವಾ, ಟೈರು!" ಎಂದು ಮಾವನವರು ಎದ್ದೇ ನಿಂತರು, ದೋಣಿ ವಾಲಿತು. "ಈಗ ತಿರಗಾಕ ಹತ್ತಿದ್ದು ಯಾವ್ದು ಅಂತ ತಿಳದೀ? ನಮ್ಮ ಅಂಗಡೀದದು! ನಿನ್ನ ಕಂಪನೀದು ಶೆಟ್ಟಿ ಗೂಡಿನ್ಯಾಗ ಹೂವು ಏರಿಸ್ಕೊಂಡು ಕುಂತೈತಿ!"

ಶಾಂತಾ ನನ್ನ ಕಡೆ ತಿರುಗಿದಳು. ಆ ನೋಟವನ್ನು ವರ್ಣಿಸಲಾರೆ. ನಡುಹೊಳೆಯಲ್ಲಿ ಓಡಿಹೋಗಲು ಜಾಗವಿಲ್ಲ. "ತುಕಾರಾಮಣ್ಣಾ, ಹೊಳ್ಳಸು ದೋಣಿ!" ಎಂದಳು.

"ಬಾಯೀಸಾಹೇಬ, ಇಲ್ಲಿಂದ ಆ ದಂಡಿನೂ ಅಷ್ಟ, ಈ ದಂಡಿನೂ ಅಷ್ಟ," ಎಂದು ತುಕಾರಾಮ ತಲೆ ಕೆರೆದುಕೊಂಡ. "ಹೊಳ್ಳಸಾಕ ಹೋದ್ರ ಒಂದ್ವ್ಯಾಳೆ ಬಂದ್ ಬೀಳಬೌದು."

ದೋಣಿ ನಮ್ಮ ದಂಡೆ ಮುಟ್ಟಿತು. ಶಾಂತಾ ಇಳಿದವಳೇ ಮನೆಯ ಕಡೆ ತಿರುಗದೆ, ಕೂಸನ್ನು ಬಗಲಿಗೆ ಹಾಕಿಕೊಂಡು ಸೀದಾ ಶೆಟ್ಟರ ಅಂಗಡಿಗೆ ನಡೆದಳು. ಟ್ರಂಕೂ ತೊಟ್ಟಿಲೂ ನೀರಿನಂಚಿನಲ್ಲೇ ಉಳಿದವು. ಅವು ಮೇಲೆ ಬರುತ್ತವೋ ಹಿಂದಕ್ಕೆ ಹೋಗುತ್ತವೋ ನನಗೂ ತಿಳಿಯದಾದ್ದರಿಂದ ಹೊತ್ತುಕೊಳ್ಳಿ ಎಂದು ಯಾರಿಗೂ ಹೇಳಲಿಲ್ಲ.

"ಕಾಕಾ, ದೇವರ ಗೂಡಿನ್ಯಾಗ ಯಾಕ ಇಟ್ಟೀರದನ್ನ? ದೋಣಿ ನಡಸೂದು ದೇವರೇನು?" ಎಂದು ಕೇಳಿದಳು.

"ಇಷ್ಟ ದಿನಾ ಅವನ ನಡಸ್ಯಾನವಾ ತಂಗಿ," ಎಂದರು ಶೆಟ್ಟರು ಪ್ರಾಮಾಣಿಕವಾಗಿ.

"ಈಗಿಂದೀಗ ಹಾಕಸ್ರಿ. ಇಲ್ಲಾಂದ್ರ ನಾ ಇದ ದೋಣ್ಯಾಗ ಹಳಿಯಾಳಕ್ಕ ಹೊಳ್ಳಿ ಹೋಗಾಕಿ!" ಯಾವ ದೋಣಿಗೆ ಹೆದರಿದ್ದಳೋ ಅದೇ ದೋಣಿಯಲ್ಲಿ ಹೋಗುತ್ತೇನೆನ್ನುತ್ತಿದ್ದಾಳೆ ಎಂಬುದನ್ನು ಎತ್ತಿ ತೋರಿಸುವ ಗಂಡಸು ಅಲ್ಲಿ ಒಬ್ಬನೂ ಇರಲಿಲ್ಲ.

ಮೆರವಣಿಗೆಯಂತೆ ಎಲ್ಲರೂ ದೋಣಿಗೆ ಹೋದೆವು. ತುಕಾರಾಮ ಪಂಪಿನ ಮುಚ್ಚಳ ಬಿಚ್ಚಿ ಹುಬ್ಬಳ್ಳಿ ಚಕ್ರವನ್ನು ತೆಗೆದ. ಶೆಟ್ಟರು ವಿಭೂತಿ ಒರೆಸಿ ಕಂಪನಿ ಚಕ್ರವನ್ನು ಕೊಟ್ಟರು. ತುಕಾರಾಮ ಅದನ್ನು ಒಳಗೆ ಒತ್ತಿದ. ತಿರುಗಿಸಿ ಒತ್ತಿದ. ಎಣ್ಣೆ ಹಚ್ಚಿ ಒತ್ತಿದ. ಹೋಗಲಿಲ್ಲ. ಪಂಪಿನ ಬಾಯಿಗಿಂತ ಚಕ್ರ ಒಂದು ಬೆರಳು ದೊಡ್ಡದು! ಕಂಪನಿಯವರು ನಮ್ಮ ಹಳೆಯ ಪಂಪನ್ನು ಕೈಬಿಟ್ಟು ಹೊಸ ತರಹದ್ದು ಮಾಡತೊಡಗಿದ್ದರಂತೆ, ಅದರ ಚಕ್ರವನ್ನು ಕಳಿಸಿದ್ದರು. ಕೇಳಿ ಬರೆದಾಗ ಮುಂಬಯಿಯ ಏಜೆಂಟರು, ಚಕ್ರಕ್ಕೆ ತಕ್ಕ ಪಂಪನ್ನೂ ಪಂಪಿಗೆ ತಕ್ಕ ಎಂಜಿನ್ನನ್ನೂ ಕೊಳ್ಳಬಹುದೆಂದು ಬಹಳ ವಿನಯದಿಂದ ತಿಳಿಸಿದರು. ಅದು ಆಮೇಲಿನ ಮಾತು. ಆಗ ಮಾತ್ರ ಯಾರೋ, "ಒಂದೀಟು ಕೆತ್ತೂಣೇನು?" ಎಂದರು. "ವಿಲಾಯತಿ ಮಾಲಿಗೆ ಚಾಕು ಹಾಕೂದೇನಲೇ!" ಎಂದು ಶೆಟ್ಟರು ಅದನ್ನು ಕಸಿದುಕೊಂಡರು. ಹುಬ್ಬಳ್ಳಿ ಚಕ್ರ ಮತ್ತೆ ಪಂಪು ಸೇರಿತು, ಕಂಪನಿ ಚಕ್ರ ಮತ್ತೆ ಗೂಡು ಸೇರಿತು. ಹಾಕಿಸೋಣ ಎಂದು ಕಾಡುವವರೂ ಇಲ್ಲದೆ ಈಗಲೂ ನಿಶ್ಚಿಂತೆಯಿಂದ ಊದಿನಕಡ್ಡಿ ಹೊಗೆ ಕುಡಿಯುತ್ತಿದೆ.

ಎಲ್ಲರೂ ಶಾಂತಾಳ ಮುಖ ನೋಡಿದರು. ಮಾವನವರು ಗೆದ್ದ ಪೈಲ್ವಾನನಂತೆ ಬಾಯಿ ತೆರೆಯುವಷ್ಟರಲ್ಲಿ, "ಅಪ್ಪಾ, ನೀ ಸುಮ್ಮನಿರು," ಎಂದಳು. ಅವರು ಮುಚ್ಚಿದರು. ಅವಳು ಕೊಳವೆಯನ್ನೊಮ್ಮೆ, ಹೊಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಅವಳ ಬಗಲಲ್ಲಿ ಕೂಸು ಆಕಳಿಸಿತು.

"ತೊಟ್ಟಲಾ ಮನಿಗೆ ಒಯ್ಯಸ್ರಿ," ಎಂದಳು. "ಕೂಸಿಗೆ ನಿದ್ದಿ ಬಂದೈತಿ."

ನಾನು ಯಾರನ್ನೂ ಕರೆಯದೆ ತೊಟ್ಟಿಲನ್ನು ನನ್ನ ತಲೆಯ ಮೇಲೇ ಹೊತ್ತುಕೊಂಡು ಓಡಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾವನವರು ಎರಡನೆಯ ರೊಟ್ಟಿ ಮುರಿಯುತ್ತ, ಇನ್ನು ತಡೆಯಲಾರದೆ, "ಅಂತೂ ಅಪ್ಪನ ಮಾಲ ನಿನ್ನ ದಂಡಿ ಮುಟ್ಟಸ್ತಲ್ಲವಾ," ಎಂದರು.

ಶಾಂತಾ ನನ್ನ ತಾಟಿಗೆ ಝುಣಕ ಬಡಿಸುತ್ತಿದ್ದಳು. "ನನ್ನ ಮದಿವ್ಯಾಗೂ ನೀ ಮಾಡಿದ್ದು ಇದನ ಅಲ್ಲೇನಪಾ? ಬೆಳಗಾಂವಿ ಇಂಜಿನಿಯರಂದು ಸಂಬಂಧ ಬಂದಿತ್ತು. ಕೋಟಿನ್ಯಾಗ ನಿಂತ ಫೋಟೋನೂ ಬಂದಿತ್ತು. ಅವ ತುಟ್ಟಿ ಬಿದ್ದ ಅಂತ ಇವ್ರನ್ನ ನೋಡಿ ತಂದಿ. ಅವತ್ತ ನಾ ಅಡಗಿಮನ್ಯಾಗ ಕುಂತು ಅತ್ತಿದ್ದೆ, ನಿನಗ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ನನ್ನ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಮಾವನವರು ಮಾತ್ರ ಅಂಗಡಿಯಲ್ಲಿ ಗಿರಾಕಿಯನ್ನು ವಿಚಾರಿಸುವ ಧಾಟಿಯಲ್ಲಿ ಕೇಳಿದರು: "ಮತ್ತ ಹೆಂಗೈತವಾ ಈಗ?"

ಶಾಂತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಡುಹೊಳೆಯಲ್ಲಿ ಮಾಯವಾಗಿದ್ದ ನಗು ಅವಳ ತುಟಿಯ ಅಂಚಿನಲ್ಲಿ ಬಂತು. "ಆಗಾಗ ಸುಮ್ಮಸುಮ್ಮನ ಕಾಯತೈತಿ, ಕಿರಿಕಿರಿನೂ ಮಾಡತೈತಿ. ಆದ್ರ ಇಷ್ಟ ವರ್ಸಾತು, ಕೈ ಬಿಟ್ಟಿಲ್ಲಪಾ."

"ಹಂಗಾರ ಮಾಲ ಖಾತ್ರಿ ಆತು," ಎಂದು ಮಾವನವರು ತೃಪ್ತಿಯಿಂದ ತೇಗಿದರು. ಅಷ್ಟರಲ್ಲಿ ಒಳಗೆ ಕುಡಿಯುವ ನೀರು ತೀರಿದೆಯೆಂದು ಶಾಂತಾ ಹೇಳಿದಳು. ಮಾಲು ತುತ್ತನ್ನು ನುಂಗಿ, ಕೈ ತೊಳೆದು, ಮರುಮಾತಿಲ್ಲದೆ ಕೊಡ ತೆಗೆದುಕೊಂಡು ನೀರಿಗೆ ಹೊರಟಿತು.